ಟೊಮೆಟೊ ದರದ ಸುದ್ದಿ ಓದುವ ಮುನ್ನ

ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ ಸುದ್ದಿ ಕಂಡರೆ ದಲ್ಲಾಳಿಗಳನ್ನು ಬೈಯುವ ಮೊದಲು ಬೇಡಿಕೆ–ಪೂರೈಕೆಯನ್ನೊಮ್ಮೆ ನೋಡಿ. 2023ರ ಬೇಸಿಗೆಯಲ್ಲಿ ದರ ನೆಲಕಚ್ಚಿ ರೈತರು ನಾಟಿ ಕಡಿಮೆ ಮಾಡಿದ್ದರು. ಕೋಲಾರದಲ್ಲಿ ಎಲೆ ಮುದುಡು ರೋಗ ಬೇರೆ. ಸಸಿ ನೆಟ್ಟು ಹಣ್ಣು ಕೀಳಲು ಎರಡು ತಿಂಗಳಾದರೂ ಬೇಕು, ಅಡುಗೆಗೆ ಮಾತ್ರ ಅದು ದಿನಾ ಬೇಕು. ಹಾಗಾಗಿ ಸಣ್ಣ ಕೊರತೆಗೂ ಜುಲೈನಲ್ಲಿ ಬೆಲೆ ಹಲವು ಪಟ್ಟು ಏರಿತು. ಆ ದರವನ್ನು ನಂಬಿ ಅನೇಕ ರೈತರು ನೆಟ್ಟರು. ಸೆಪ್ಟೆಂಬರ್‌ನಲ್ಲಿ ಫಸಲು ಒಟ್ಟಿಗೆ ಬಂದು ದರ ಕುಸಿಯಿತು. ನನಗೆ ನಿಜವಾಗಿ ನೋವಾಗುವುದು ಈ ಎರಡನೇ ಸುದ್ದಿಗೆ. ಅದು ಮುಖಪುಟಕ್ಕೆ ಬರುವುದೇ ಕಡಿಮೆ.

ಬೆಳೆಗಾರರ ನೋವು ಕಾಣದಿರುವುದು ಈರುಳ್ಳಿಯಲ್ಲೂ ಅಷ್ಟೇ. ಅದೇ ವರ್ಷ ಆಗಸ್ಟ್‌ನಲ್ಲಿ ಇಲ್ಲಿನ ಬೆಲೆ ತಡೆಯಲು ಈರುಳ್ಳಿ ರಫ್ತಿಗೆ ಕೇಂದ್ರ ಶೇ 40 ಸುಂಕ ಹಾಕಿತು. ಹೀಗೆ ಬೆಲೆ ತಡೆದಾಗ ಪೇಟೆಯವರಿಗೆ ಉಳಿಯುವ ಹಣ ಬೆಳೆಗಾರರ ಜೇಬಿನದು. ದಯವಿಟ್ಟು ಯಾವ ದರದ ಸುದ್ದಿಯಲ್ಲೂ ಕೊಳ್ಳುವವರ ಜೊತೆ ಬೆಳೆದವರ ಲೆಕ್ಕವನ್ನೂ ಕೇಳಿ.