ಔಷಧಿಗೆ ಬಗ್ಗದ ಕ್ರಿಮಿಗಳೂ ನಮ್ಮ ಕೋಳಿಸಾಕಣೆಯೂ

ಶಸ್ತ್ರಚಿಕಿತ್ಸೆಯು ಸುಗಮವಾಗಿ ನೆರವೇರಿದ ಮೇಲೂ ರೋಗಿಯ ಗಾಯದಲ್ಲಿಯೋ ರಕ್ತದಲ್ಲಿಯೋ ಕ್ರಿಮಿಗಳು ಸೇರಿ, ಯಾವ ಆಂಟಿಬಯಾಟಿಕ್ ಔಷಧಿಗೂ ಬಗ್ಗದೆ ಪ್ರಾಣಾಪಾಯವನ್ನುಂಟುಮಾಡುವುದು ಈಗ ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯರಿಗೆ ಒದಗಿರುವ ಚಿಂತೆ. ಇದು ವ್ಯವಸಾಯದ ಪತ್ರಿಕೆಗೆ ಏತಕ್ಕೆಂದು ವಾಚಕರು ಕೇಳಬಹುದು. ಕೊಲಿಸ್ಟಿನ್ ಎಂಬ ಔಷಧಿಯ ಚರಿತ್ರೆಯನ್ನು ತಿಳಿದರೆ ಸಂಬಂಧವು ತಾನಾಗಿ ವಿಶದವಾಗುವುದು.

ಮಣ್ಣಿನಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯದಿಂದ ದೊರೆತ ಈ ಔಷಧಿಯು 1950ರ ದಶಕದಲ್ಲಿ ಬಳಕೆಗೆ ಬಂದಿತು. ಮೂತ್ರಪಿಂಡಗಳಿಗೆ ಕೆಡುಕು ಮಾಡುವುದೆಂದು ವೈದ್ಯರು ಅದನ್ನು ಬಹುಮಟ್ಟಿಗೆ ಕೈಬಿಟ್ಟಿದ್ದರು. ಉಳಿದ ಔಷಧಿಗಳು ಸೋಲತೊಡಗಿದಾಗ ಕಡೆಯ ಅಸ್ತ್ರವೆಂದು ಅದನ್ನೇ ಮರಳಿ ತಂದರು. ಆದರೆ ಅಷ್ಟರಲ್ಲಿ ಅದು ಕೋಳಿ ಹಂದಿಗಳ ಆಹಾರದಲ್ಲಿ, ರೋಗವಿಲ್ಲದಿದ್ದರೂ ಬೇಗನೆ ಮೈತುಂಬಲೆಂದು, ಸ್ವಲ್ಪ ಸ್ವಲ್ಪವಾಗಿ ಬೆರೆಯುತ್ತಿದ್ದಿತು.

ಕೆಡುಕಿರುವುದು ಈ 'ಸ್ವಲ್ಪ ಸ್ವಲ್ಪ'ದಲ್ಲಿಯೇ. ಅಲ್ಪ ಪ್ರಮಾಣದ ಔಷಧಿಯಿಂದ ದುರ್ಬಲವಾದ ಕ್ರಿಮಿಗಳು ಸಾಯುವುವು. ತಡೆದುಕೊಳ್ಳಬಲ್ಲವು ಉಳಿದು, ತೆರವಾದ ಸ್ಥಳದಲ್ಲೆಲ್ಲಾ ತಮ್ಮ ಸಂತಾನವನ್ನೇ ತುಂಬುವುವು. ಅಷ್ಟೇ ಅಲ್ಲ. 2015ರಲ್ಲಿ ಚೀನಾ ದೇಶದ ವಿಜ್ಞಾನಿಗಳು, ಕೊಲಿಸ್ಟಿನ್ನನ್ನು ಎದುರಿಸುವ ಗುಣವು ಒಂದು ಕ್ರಿಮಿಯಿಂದ ಬೇರೆ ಜಾತಿಯ ಕ್ರಿಮಿಗೂ ದಾಟಬಲ್ಲುದೆಂದು ಪ್ರಕಟಿಸಿದರು. ಬೀಜವನ್ನು ಬಿತ್ತದೆ ನೆರೆಹೊಲಕ್ಕೆ ಗುಣವನ್ನು ಕೊಟ್ಟಂತೆ! ಹಂದಿಗಳಲ್ಲಿಯೂ, ಅಂಗಡಿಯ ಮಾಂಸದಲ್ಲಿಯೂ, ಸ್ವಲ್ಪ ಮಟ್ಟಿಗೆ ಆಸ್ಪತ್ರೆಯ ರೋಗಿಗಳಲ್ಲಿಯೂ ಆ ಗುಣವುಳ್ಳ ಕ್ರಿಮಿಗಳು ಸಿಕ್ಕಿದುವು. 2017ರಲ್ಲಿ ಅಲ್ಲಿ ಕೊಲಿಸ್ಟಿನ್ನನ್ನು ಬೆಳವಣಿಗೆಗಾಗಿ ಮೇವಿನಲ್ಲಿ ಹಾಕುವುದನ್ನು ನಿಲ್ಲಿಸಿದ ತರುವಾಯ ಪ್ರಾಣಿಗಳಲ್ಲಿಯೂ ಮನುಷ್ಯರಲ್ಲಿಯೂ ಅವು ಕಡಮೆಯಾದುವು. ನಮ್ಮ ಕೇಂದ್ರ ಸರ್ಕಾರವೂ 2019ರ ಜುಲೈ ತಿಂಗಳಿನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಇದರ ತಯಾರಿಕೆ, ಮಾರಾಟ, ಹಂಚಿಕೆಗಳನ್ನು ನಿಷೇಧಿಸಿತು.

ಒಂದು ಹಳ್ಳಿಯಲ್ಲಿ ಕೋಳಿ ಸಾಕುವ ರೈತರೊಬ್ಬರು ನೀರಿನ ತೊಟ್ಟಿಗೆ ಯಾವುದೋ ಪುಡಿಯನ್ನು ಬೆರೆಸುತ್ತಿದ್ದುದನ್ನು ಕಂಡು, ಏನು ರೋಗವೆಂದು ವಿಚಾರಿಸಿದೆನು. "ರೋಗವೇನೂ ಇಲ್ಲ ಸ್ವಾಮಿ, ಬರಬಾರದೆಂದು ಹಾಕುತ್ತೇನೆ" ಎಂದರು. ಪೊಟ್ಟಣದಲ್ಲಿದ್ದುದೇನೆಂದು ಅವರೂ ಅರಿಯರು, ಮಾರಿದವನೂ ತಿಳಿಸಿರಲಿಲ್ಲ. ಅವರ ತಾಯಿಯವರು ಆಗ ಪಟ್ಟಣದ ಆಸ್ಪತ್ರೆಯಲ್ಲಿ ಮಾಗದ ಕಾಲುಹುಣ್ಣಿನಿಂದ ಮೂರನೆಯ ವಾರ ಮಲಗಿದ್ದರು. ಎರಡಕ್ಕೂ ನಾನು ಗಂಟುಹಾಕಲಾರೆನು. ಆದರೂ ಆ ತೊಟ್ಟಿಯನ್ನು ಮರೆಯಲಾರೆನು.

ಆದಕಾರಣ ಪಶುವೈದ್ಯರ ಚೀಟಿಯಿಲ್ಲದೆ ಆಂಟಿಬಯಾಟಿಕ್ ಕೊಡಕೂಡದು. ಅವರು ಕೊಟ್ಟುದನ್ನು ಹೇಳಿದಷ್ಟು ದಿನವೂ ಹಾಕತಕ್ಕದ್ದು. ಕಡೆಯ ಮದ್ದಿನ ತರುವಾಯ ಪೊಟ್ಟಣದಲ್ಲಿ ಸೂಚಿಸಿದಷ್ಟು ದಿನ ಕಳೆಯದೆ ಕೋಳಿಯನ್ನಾಗಲಿ ಮೊಟ್ಟೆಯನ್ನಾಗಲಿ ಮಾರಕೂಡದು. ಮರಿಗಳಿಗೆ ಕಾಲಕ್ಕೆ ಸರಿಯಾಗಿ ಲಸಿಕೆ ಹಾಕಿಸಿ, ಗೂಡಿನ ನೆಲವನ್ನು ಒಣಗಿಟ್ಟರೆ ಮದ್ದಿನ ಅಗತ್ಯವೇ ಬಹಳ ಕಡಮೆ. ಹಸಿ ಕೋಳಿಗೊಬ್ಬರವನ್ನು ಸೊಪ್ಪಿನ ಮಡಿಗಳಿಗೆ ಹಾಕಬಾರದು. ರಾಶಿಮಾಡಿ, ತೇವವಿರಿಸಿ, ಒಳಗಿನ ಕಾವು 55 ಡಿಗ್ರಿ ಸೆಂಟಿಗ್ರೇಡನ್ನು ಮೀರುವಂತೆ ಮಾಡಿ, ಹೊರಗಿನದು ಒಳಗೆ ಬರುವಂತೆ ಹಲವು ಸಲ ಮಗುಚಬೇಕು. ಆ ಕಾವಿಗೆ ಕ್ರಿಮಿಗಳು ಬಹುಮಟ್ಟಿಗೆ ನಾಶವಾಗುವುವು. ರಾಶಿಯು ತಣ್ಣಗಾಗಿ, ಮಣ್ಣಿನ ವಾಸನೆ ಬಂದ ಮೇಲೆ ಹೊಲಕ್ಕೆ ಸಾಗಿಸಬಹುದು.