ಮೊದಲು ಗಿಡ, ಆಮೇಲೆ ಮೀನು

ಮನೆಗಳಲ್ಲಿ ಕಾಣುವ ಬಹುಪಾಲು ಮೀನಿನ ತೊಟ್ಟಿಗಳಲ್ಲಿ ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ ಮತ್ತು ಗಾಳಿ ಊದುವ ಪಂಪು ಇರುತ್ತವೆ. ಅಲ್ಲಿ ನೀರನ್ನು ಶುದ್ಧವಾಗಿಡುವ ಹೊಣೆಯೆಲ್ಲ ಫಿಲ್ಟರಿನ ಮೇಲೂ ಮನೆಯವರ ಮೇಲೂ ಬೀಳುತ್ತದೆ. ಜೀವಂತ ಜಲಸಸ್ಯಗಳನ್ನು ನೆಟ್ಟ ಸಿಹಿನೀರಿನ ತೊಟ್ಟಿ, ಅಂದರೆ ಹವ್ಯಾಸಿಗಳು ‘ಪ್ಲಾಂಟೆಡ್ ಟ್ಯಾಂಕ್’ ಎಂದು ಕರೆಯುವಂಥದ್ದು, ಬೇರೆಯೇ ತತ್ತ್ವದ ಮೇಲೆ ನಿಂತಿದೆ: ಮೀನಿನ ತ್ಯಾಜ್ಯದಿಂದ ಹುಟ್ಟುವ, ಮೀನಿಗೇ ವಿಷವಾಗುವ ಅಮೋನಿಯವನ್ನು ಗಿಡಗಳು ಗೊಬ್ಬರವಾಗಿ ಹೀರಿಕೊಂಡು ಬೆಳೆಯುತ್ತವೆ. ಇಂಥ ತೊಟ್ಟಿಯನ್ನು ಒಂದು ಕಲೆಯಾಗಿ ಜಗತ್ತಿಗೆ ಪರಿಚಯಿಸಿದವರು ಜಪಾನಿನ ನೀಗಾಟಾ ಪ್ರಾಂತದ ಛಾಯಾಗ್ರಾಹಕ ತಕಾಶಿ ಅಮಾನೊ (1954–2015). ಅವರ ವಿಧಾನಕ್ಕೆ ಪ್ರಖರ ದೀಪ, ಸಿಲಿಂಡರಿನಿಂದ ಹರಿಸುವ ಇಂಗಾಲದ ಡೈ ಆಕ್ಸೈಡ್ ಮತ್ತು ದುಬಾರಿ ಮಣ್ಣು ಬೇಕು. ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹೇಳಿದ ದಾರಿ ಸರಳವಾದುದು. ಸಾಮಾನ್ಯ ತೋಟದ ಮಣ್ಣು, ಮಿತವಾದ ಬೆಳಕು ಮತ್ತು ಒತ್ತಾಗಿ ನೆಟ್ಟ ಗಿಡಗಳೇ ಅದರ ಬಂಡವಾಳ. ಹೊಸಬರಿಗೆ ಈ ಎರಡನೆಯ ದಾರಿಯೇ ಸರಿಯಾದುದು.

ತೊಟ್ಟಿ, ಮಣ್ಣು, ನೀರು

ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ ಆರಂಭಕ್ಕೆ ಸೂಕ್ತ. ಇದಕ್ಕಿಂತ ಚಿಕ್ಕದು ಸುಲಭವೆಂದು ತೋರಿದರೂ, ನೀರು ಕಡಿಮೆಯಿದ್ದಷ್ಟೂ ಅದರ ಗುಣ ಬೇಗ ಕೆಡುವುದರಿಂದ ನಿರ್ವಹಣೆ ಕಷ್ಟವಾಗುತ್ತದೆ. ಈ ಅಳತೆಯ ತೊಟ್ಟಿ ಸುಮಾರು 54 ಲೀಟರ್ ನೀರು ಹಿಡಿಯುತ್ತದೆ. ಗಾಜು, ಮಣ್ಣು, ಕಲ್ಲು ಸೇರಿದರೆ ಒಟ್ಟು ತೂಕ 70 ಕಿಲೋ ದಾಟುವುದರಿಂದ ಗಟ್ಟಿಮುಟ್ಟಾದ, ಸಮತಟ್ಟಾದ ಮೇಜು ಬೇಕು, ಗಾಜಿನಡಿ ತೆಳುವಾದ ಥರ್ಮೋಕೋಲ್ ಹಾಳೆ ಇರಬೇಕು. ಕಿಟಕಿಯ ನೇರ ಬಿಸಿಲು ಬೀಳುವ ಜಾಗವನ್ನು ಬಿಡಬೇಕು, ಏಕೆಂದರೆ ಆ ಬಿಸಿಲು ಗಿಡಕ್ಕಿಂತ ಮೊದಲು ಪಾಚಿಯನ್ನು ಬೆಳೆಸುತ್ತದೆ.

ತಳಕ್ಕೆ ಒಂದು ಅಂಗುಲ ದಪ್ಪ ತೋಟದ ಮಣ್ಣನ್ನು ಜರಡಿ ಹಿಡಿದು ಹರಡಬೇಕು; ಅದರಲ್ಲಿ ಸಗಣಿ ಗೊಬ್ಬರವಾಗಲಿ ರಾಸಾಯನಿಕ ಗೊಬ್ಬರವಾಗಲಿ ಬೆರೆತಿರಬಾರದು, ಬೆರೆತಿದ್ದರೆ ಅಮೋನಿಯ ಮಿತಿಮೀರುತ್ತದೆ. ಮಣ್ಣು ನೀರಿನಲ್ಲಿ ಕದಡದಂತೆ ಅದರ ಮೇಲೆ ಚೆನ್ನಾಗಿ ತೊಳೆದ ದಪ್ಪ ಮರಳನ್ನು ಒಂದರಿಂದ ಒಂದೂವರೆ ಅಂಗುಲ ಮುಚ್ಚಬೇಕು. ಹಿಂಬದಿಯಲ್ಲಿ ಮರಳನ್ನು ಎತ್ತರಿಸಿ ಮುಂಬದಿಗೆ ಇಳಿಜಾರು ಮಾಡಿದರೆ ಪುಟ್ಟ ತೊಟ್ಟಿಗೂ ಆಳ ಬಂದಂತೆ ಕಾಣುತ್ತದೆ. ಕಲ್ಲು ಇಡುವುದಾದರೆ ಮೊದಲು ಅದರ ಮೇಲೆ ಕೆಲವು ಹನಿ ವಿನೆಗರ್ ಹಾಕಿ ನೋಡಬೇಕು; ನೊರೆ ಎದ್ದರೆ ಅದರಲ್ಲಿ ಸುಣ್ಣವಿದೆ, ಅದು ನೀರನ್ನು ಗಡಸಾಗಿಸುತ್ತದೆ ಎಂದರ್ಥ. ಮುಖ್ಯ ಕಲ್ಲನ್ನಾಗಲಿ ಮರದ ಬೊಡ್ಡೆಯನ್ನಾಗಲಿ ನಟ್ಟನಡುವೆ ಇಡದೆ ಒಂದು ಬದಿಗೆ ಸರಿಸುವುದು ಒಳ್ಳೆಯದು, ಆಗ ನೋಟ ಸಹಜವಾಗಿರುತ್ತದೆ.

ನೀರಿನ ವಿಷಯವನ್ನು ಬಹಳ ಜನ ಕಡೆಗಣಿಸುತ್ತಾರೆ, ಆದರೆ ಗಿಡ ಮತ್ತು ಮೀನಿನ ಆಯ್ಕೆಯನ್ನು ನಿರ್ಧರಿಸಬೇಕಾದುದು ಅದೇ. ಕರ್ನಾಟಕದ ಬಯಲುಸೀಮೆಯ ಅನೇಕ ಬೋರ್‌ವೆಲ್‌ಗಳ ನೀರು ಗಡಸು. ಅಂದರೆ ಅದರಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚು. ಇದನ್ನು ದೋಷವೆಂದು ಭಾವಿಸಿ ದಿನವೂ ಆರ್‌ಒ ನೀರಿಗಾಗಿ ಹಣ ಸುರಿಯಬೇಕಿಲ್ಲ. ವ್ಯಾಲಿಸ್ನೇರಿಯ, ಹೈಡ್ರಿಲ್ಲಾಗಳಂಥ ಸಸ್ಯಗಳು ಗಡಸು ನೀರಿನ ಬೈಕಾರ್ಬೊನೇಟಿನಿಂದಲೇ ಇಂಗಾಲವನ್ನು ಪಡೆಯಬಲ್ಲವು. ಗಪ್ಪಿ, ಮೋಲಿ ಮೀನುಗಳಿಗೂ ಅದೇ ನೀರು ಹಿತ. ನಲ್ಲಿ ನೀರಾದರೆ ಅದರಲ್ಲಿನ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುತ್ತದೆ, ಉಪಕಾರಿ ಬ್ಯಾಕ್ಟೀರಿಯಗಳನ್ನೂ ಕೊಲ್ಲುತ್ತದೆ. ಆದ್ದರಿಂದ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕವನ್ನು ಬೆರೆಸಿಯೇ ಬಳಸಬೇಕು. ನೀರು ತುಂಬುವಾಗ ಮರಳಿನ ಮೇಲೆ ಒಂದು ತಟ್ಟೆಯಿಟ್ಟು ಅದರ ಮೇಲೆ ನಿಧಾನವಾಗಿ ಸುರಿದರೆ ಮಣ್ಣು ಏಳುವುದಿಲ್ಲ.

ನೆಡುವುದು, ಕಾಯುವುದು

ತೊಟ್ಟಿಯಲ್ಲಿ ನಾಲ್ಕು ಬೆರಳಷ್ಟು ನೀರಿದ್ದಾಗಲೇ ಗಿಡ ನೆಡುವುದು ಸುಲಭ. ಮೊದಲ ದಿನವೇ ತಳದ ಮುಕ್ಕಾಲು ಭಾಗವನ್ನಾದರೂ ಗಿಡಗಳಿಂದ ತುಂಬಬೇಕು. ನಾಲ್ಕೈದು ಗಿಡ ನೆಟ್ಟು ಉಳಿದುದನ್ನು ಆಮೇಲೆ ನೋಡೋಣವೆಂದು ಬಿಟ್ಟರೆ ಮಣ್ಣಿನ ಪೋಷಕಾಂಶವೆಲ್ಲ ಪಾಚಿಯ ಪಾಲಾಗುತ್ತದೆ. ಹಿಂಬದಿಗೆ ಎತ್ತರ ಬೆಳೆಯುವ ವ್ಯಾಲಿಸ್ನೇರಿಯ ಮತ್ತು ಹೈಗ್ರೋಫಿಲ, ನಡುವೆ ಕ್ರಿಪ್ಟೊಕೊರೈನ್ ಹೊಂದುತ್ತವೆ. ಅನುಬಿಯಸ್ ಮತ್ತು ಜಾವಾ ಫರ್ನ್‌ಗಳನ್ನು ಮಾತ್ರ ಮರಳಿನಲ್ಲಿ ಹೂಳಬಾರದು; ಅವುಗಳ ಅಡ್ಡವಾಗಿ ಬೆಳೆಯುವ ದಪ್ಪ ಕಾಂಡ, ಅಂದರೆ ರೈಜೋಮ್, ಹೂತರೆ ಕೊಳೆಯುವುದರಿಂದ ದಾರದಿಂದ ಕಲ್ಲಿಗೋ ಮರಕ್ಕೋ ಕಟ್ಟಬೇಕು.

ನೆಟ್ಟ ಕೆಲವೇ ದಿನಗಳಲ್ಲಿ ಕ್ರಿಪ್ಟೊಕೊರೈನ್ ಎಲೆಗಳು ಅಂಚಿನಿಂದ ಪಾರದರ್ಶಕವಾಗಿ, ಮುಟ್ಟಿದರೆ ಲೋಳೆಯಂತೆ ಕರಗುವುದು ಸಾಮಾನ್ಯ. ನರ್ಸರಿಯಲ್ಲಿ ನೀರಿನ ಮೇಲೆ ಬೆಳೆದ ಎಲೆಗಳನ್ನು ಗಿಡ ಕೈಬಿಟ್ಟು, ನೀರೊಳಗೆ ಬದುಕಬಲ್ಲ ಹೊಸ ಎಲೆಗಳನ್ನು ತಯಾರಿಸುವ ಕ್ರಮವಿದು. ಈ ಹಂತದಲ್ಲಿ ಗಾಬರಿಯಾಗಿ ಗಿಡವನ್ನು ಕಿತ್ತೆಸೆಯುವವರೇ ಹೆಚ್ಚು. ಕರಗಿದ ಎಲೆಯನ್ನಷ್ಟೇ ಕತ್ತರಿಸಿ ಬೇರನ್ನು ಬಿಟ್ಟರೆ ಕೆಲವು ವಾರಗಳಲ್ಲಿ ಅದೇ ಬುಡದಿಂದ ಹೊಸ ಚಿಗುರು ಬರುತ್ತದೆ.

ಮೀನುಗಳನ್ನು ಬಿಡಲು ನಾಲ್ಕರಿಂದ ಆರು ವಾರ ಕಾಯಬೇಕು. ಈ ಅವಧಿಯಲ್ಲಿ ಫಿಲ್ಟರ್ ಮತ್ತು ಮರಳಿನಲ್ಲಿ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯ ಅಮೋನಿಯವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆ ನೈಟ್ರೈಟನ್ನು ಅಷ್ಟಾಗಿ ಹಾನಿಕರವಲ್ಲದ ನೈಟ್ರೇಟ್ ಆಗಿಯೂ ಬದಲಿಸಲು ತೊಡಗುತ್ತವೆ. ಇದನ್ನೇ ಸಾರಜನಕ ಚಕ್ರ ಎನ್ನುತ್ತಾರೆ. ಪರೀಕ್ಷಾ ಕಿಟ್ಟಿನಲ್ಲಿ ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ಒಂದೇ ಒಂದು ಮೀನನ್ನೂ ಬಿಡದಿರುವುದು ಆ ಜೀವಿಗಳಿಗೆ ತೋರಬೇಕಾದ ಕನಿಷ್ಠ ಕರುಣೆ. ಆಮೇಲೂ ಒಮ್ಮೆಗೇ ತುಂಬದೆ, ಐದಾರು ಪುಟ್ಟ ಮೀನುಗಳಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಬೇಕು.

ನಿರ್ವಹಣೆ

ದೀಪವನ್ನು ಮೊದಲ ತಿಂಗಳು ದಿನಕ್ಕೆ ಆರು ಗಂಟೆ, ನಂತರ ಏಳೆಂಟು ಗಂಟೆ ಉರಿಸಿದರೆ ಸಾಕು. ಅಗ್ಗದ ಟೈಮರ್ ಒಂದಿದ್ದರೆ ಮರೆವಿಗೆ ಅವಕಾಶವಿರದು. ಗಿಡಗಳು ಚೆನ್ನಾಗಿ ನೆಲೆಯೂರಿದ ಮೇಲೆ ದೀಪ ಹತ್ತಿದ ಕೆಲವು ಗಂಟೆಗಳಲ್ಲಿ ಎಲೆಗಳ ಮೇಲೆ ಆಮ್ಲಜನಕದ ಸಣ್ಣ ಗುಳ್ಳೆಗಳು ಸಾಲಾಗಿ ನಿಲ್ಲುವುದನ್ನು ಕಾಣಬಹುದು. ದ್ಯುತಿಸಂಶ್ಲೇಷಣೆ ಭರದಿಂದ ಸಾಗಿದೆ ಎಂಬುದಕ್ಕೆ ಅದು ಸಾಕ್ಷಿ.

ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಬದಲಿಸಬೇಕು. ಫಿಲ್ಟರಿನ ಸ್ಪಂಜನ್ನು ನಲ್ಲಿಯಡಿ ತೊಳೆದರೆ ವಾರಗಟ್ಟಲೆ ಬೆಳೆದ ಬ್ಯಾಕ್ಟೀರಿಯ ನಾಶವಾಗುವುದರಿಂದ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಬೇಕು. ಆರಂಭದ ವಾರಗಳಲ್ಲಿ ಗಾಜಿಗೆ ಅಂಟುವ ಕಂದು ಪಾಚಿ ತಾನಾಗಿಯೇ ಕಡಿಮೆಯಾಗುತ್ತದೆ. ಹಸಿರು ಪಾಚಿ ಹೆಚ್ಚಿದರೆ ಔಷಧಿ ಸುರಿಯುವ ಬದಲು ದೀಪದ ಅವಧಿಯನ್ನೂ ಮೀನಿನ ಆಹಾರವನ್ನೂ ತಗ್ಗಿಸಿ, ಬೇಗ ಬೆಳೆಯುವ ಗಿಡಗಳನ್ನು ಹೆಚ್ಚಿಸಬೇಕು. ಗಿಡದ ಹಸಿವನ್ನು ಎಲೆಯೇ ಹೇಳುತ್ತದೆ: ಹಳೆಯ ಎಲೆಗಳು ಹಳದಿಯಾದರೆ ಸಾರಜನಕದ, ಅವುಗಳಲ್ಲಿ ಸೂಜಿರಂಧ್ರಗಳು ಬಿದ್ದರೆ ಪೊಟ್ಯಾಸಿಯಂನ, ಹೊಸ ಚಿಗುರು ಬಿಳಿಚಿಕೊಂಡರೆ ಕಬ್ಬಿಣಾಂಶದ ಕೊರತೆಯನ್ನು ಶಂಕಿಸಬಹುದು.

ಬೆಳೆದ ಗಿಡಗಳನ್ನು ಆಗಾಗ ಕತ್ತರಿಸಲೇಬೇಕಾಗುತ್ತದೆ. ಆ ತುಂಡುಗಳನ್ನಾಗಲಿ ಬೇಡವಾದ ಮೀನುಗಳನ್ನಾಗಲಿ ಊರಿನ ಕೆರೆಗೆ, ಕಾಲುವೆಗೆ ಅಥವಾ ಚರಂಡಿಗೆ ಎಂದೂ ಬಿಡಬಾರದು. ದಕ್ಷಿಣ ಅಮೆರಿಕದಿಂದ ಅಲಂಕಾರಕ್ಕೆಂದು ಬಂದ ವಾಟರ್ ಹಯಾಸಿಂತ್ ಇಂದು ರಾಜ್ಯದ ಎಷ್ಟೋ ಕೆರೆಗಳ ಮೈಯನ್ನೇ ಮುಚ್ಚಿದೆ. ಕತ್ತರಿಸಿದ ಗಿಡವನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಕುಂಡದ ಗೊಬ್ಬರಕ್ಕೆ ಸೇರಿಸಿ. ಮೀನುಗಳನ್ನು ಅಂಗಡಿಗೆ ಅಥವಾ ಇನ್ನೊಬ್ಬ ಹವ್ಯಾಸಿಗೆ ಒಪ್ಪಿಸಿ.