ಲೆಂಗೆಡೆ: ಒಂದು ಗಣಿಯೂರಿನ ಹದಿನಾಲ್ಕು ದಿನಗಳು

ಜರ್ಮನಿಯ ವಾಯವ್ಯ ಭಾಗದ ನೀಡರ್‌ಸಾಕ್ಸೆನ್ ರಾಜ್ಯದಲ್ಲಿ, ಪೈನೆ ಜಿಲ್ಲೆಗೆ ಸೇರಿದ ಲೆಂಗೆಡೆ ಎಂಬ ಸಣ್ಣ ಊರಿದೆ. ಸುತ್ತಲಿನ ನಾಲ್ಕು ಹಳ್ಳಿಗಳನ್ನೂ ಒಳಗೊಂಡ ಈ ಸ್ಥಳೀಯಾಡಳಿತದ ಜನಸಂಖ್ಯೆ ಹದಿನೈದು ಸಾವಿರವನ್ನು ಮೀರುವುದಿಲ್ಲ. ಸಮತಟ್ಟಾದ ಹೊಲಗಳ ನಡುವೆ ಒಂದು ಗುಡ್ಡ ದೂರದಿಂದಲೇ ಕಾಣುತ್ತದೆ. ಅದು ನಿಸರ್ಗ ನಿರ್ಮಿಸಿದ ಗುಡ್ಡವಲ್ಲ. ಗಣಿಯಿಂದ ಹೊರತೆಗೆದ ನಿರುಪಯುಕ್ತ ಮಣ್ಣುಕಲ್ಲುಗಳ ರಾಶಿ. ಈ ಊರಿನ ಹಿಂದಿನ ಜೀವನಕ್ಕೆ ಅದೇ ಸಾಕ್ಷಿ.

ಹತ್ತೊಂಬತ್ತನೆಯ ಶತಮಾನದಿಂದ ಲೆಂಗೆಡೆಯ ನೆಲದಲ್ಲಿ ಕಬ್ಬಿಣದ ಅದಿರನ್ನು ತೆಗೆಯಲಾಗುತ್ತಿತ್ತು. ಮೊದಲು ತೆರೆದ ಗುಂಡಿಗಳಲ್ಲಿ, ಅನಂತರ ಭೂಗರ್ಭದ ಸುರಂಗಗಳಲ್ಲಿ ಕೆಲಸ ಸಾಗಿತು. ಅದಿರು ಸಮೀಪದ ಇಲ್ಸೆಡೆಯ ಕುಲುಮೆಗಳಿಗೆ ಹೋಗುತ್ತಿತ್ತು. ಅದಿರನ್ನು ತೊಳೆದ ಕೆಸರುನೀರನ್ನು ನೆಲದ ಮೇಲೆ ಏರಿ ಕಟ್ಟಿದ ದೊಡ್ಡ ಕೊಳಗಳಲ್ಲಿ ನಿಲ್ಲಿಸುತ್ತಿದ್ದರು. ಕೆಸರು ತಳಕ್ಕಿಳಿದು ನೀರು ತಿಳಿಯಾಗಲೆಂಬುದು ಇದರ ಉದ್ದೇಶ. ಹೀಗೆ ಕೆಳಗೆ ಕಾರ್ಮಿಕರು ದುಡಿಯುತ್ತಿದ್ದಾಗ ಮೇಲೆ ಅಪಾರ ಜಲರಾಶಿ ನಿಂತಿತ್ತು.

ದುರಂತ

1963ರ ಅಕ್ಟೋಬರ್ 24ರ ರಾತ್ರಿ ಎಂಟು ಗಂಟೆಯ ಸುಮಾರಿಗೆ ಅಂತಹ ಒಂದು ಕೊಳ ಒಡೆಯಿತು. ಸುಮಾರು 5 ಲಕ್ಷ ಘನ ಮೀಟರ್ ನೀರೂ ಕೆಸರೂ 'ಮಟಿಲ್ಡೆ' ಎಂಬ ಹೆಸರಿನ ಗಣಿಯೊಳಕ್ಕೆ ನುಗ್ಗಿದವು. ಆ ಸಮಯದಲ್ಲಿ ಒಳಗೆ 129 ಮಂದಿ ಇದ್ದರು. ಅವರಲ್ಲಿ 79 ಮಂದಿ ಮೊದಲ ಕೆಲವು ಗಂಟೆಗಳಲ್ಲೇ ಹೇಗೋ ಹೊರಬಂದರು. ಮರುದಿನ ಇನ್ನೂ ಏಳು ಮಂದಿಯನ್ನು ಜೀವಸಹಿತ ಹೊರತರಲಾಯಿತು. ಉಳಿದವರ ಸುಳಿವಿರಲಿಲ್ಲ.

ನೀರು ತುಂಬಿದ ಸುರಂಗಗಳಲ್ಲಿ ಎತ್ತರದ ಮೂಲೆಗಳಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಂಡು ನೀರನ್ನು ತಡೆಯಬಲ್ಲದು. ಬೋರಲು ಹಾಕಿದ ಲೋಟವನ್ನು ನೀರಿನಲ್ಲಿ ಮುಳುಗಿಸಿದಾಗ ಒಳಗೆ ಗಾಳಿ ಉಳಿಯುವಂತೆಯೇ ಇದು. ಈ ತತ್ತ್ವವನ್ನು ನಂಬಿ ನೆಲದ ಮೇಲಿನಿಂದ ಕಿರಿದಾದ ರಂಧ್ರಗಳನ್ನು ಕೊರೆದು ಹುಡುಕಿದಾಗ, ಒಂದೆಡೆ ಮೂವರು ಬದುಕಿರುವುದು ತಿಳಿಯಿತು. ಅವರನ್ನು ನವೆಂಬರ್ 1ರಂದು ಮೇಲಕ್ಕೆ ತರಲಾಯಿತು.

ಅವರನ್ನು ತಂದ ಸಾಧನವೂ ಗಮನಾರ್ಹವಾದುದು. 1955ರಲ್ಲಿ ಗೆಲ್ಸೆನ್‌ಕಿರ್ಶೆನ್ ನಗರದ ದಾಲ್‌ಬುಶ್ ಕಲ್ಲಿದ್ದಲು ಗಣಿಯಲ್ಲಿ ಮೂವರು ಸಿಕ್ಕಿಕೊಂಡಿದ್ದಾಗ, ಎಬರ್‌ಹಾರ್ಟ್ ಔ ಎಂಬ ಎಂಜಿನಿಯರು ಅದನ್ನು ರೂಪಿಸಿದ್ದರು. ಸುಮಾರು ಎರಡೂವರೆ ಮೀಟರ್ ಉದ್ದ, 38.5 ಸೆಂಟಿಮೀಟರ್ ಮಾತ್ರ ವ್ಯಾಸವಿದ್ದ ಈ ಉಕ್ಕಿನ ಕೊಳವೆಯಲ್ಲಿ ಒಬ್ಬ ಮನುಷ್ಯ ಮೈಯನ್ನು ಮುದುಡಿಕೊಂಡು ನಿಲ್ಲಬಹುದು. ಆಕಾರದಿಂದಾಗಿ ಅದಕ್ಕೆ 'ದಾಲ್‌ಬುಶ್ ಬಾಂಬು' ಎಂಬ ಹೆಸರು ಬಂದಿತು. ಕೊಲ್ಲುವ ವಸ್ತುವಿನ ಹೆಸರನ್ನು ಹೊತ್ತು ಪ್ರಾಣ ಉಳಿಸಿದ ಯಂತ್ರವಿದು.

'ಮುದುಕ'ನ ಆಶ್ರಯ

ಮೂವರನ್ನು ಮೇಲೆತ್ತಿದ ಮೇಲೆ ಇನ್ನಾರೂ ಬದುಕಿರಲಾರರೆಂದೇ ಬಹುಮಂದಿ ಭಾವಿಸಿದರು. ಕೊರೆಯುವ ಯಂತ್ರಗಳನ್ನು ಹಿಂದಕ್ಕೆ ಕಳುಹಿಸುವ ಸಿದ್ಧತೆ ನಡೆಯಿತು. ಮೃತರಿಗಾಗಿ ನವೆಂಬರ್ 4ರಂದು ಶೋಕಸಭೆಯೂ ಗೊತ್ತಾಯಿತು. ಆದರೆ ಗಣಿಯ ಒಳಹೊರಗನ್ನು ಬಲ್ಲವರಲ್ಲಿ ಒಂದು ಸಂದೇಹ ಉಳಿದಿತ್ತು. ಅದಿರು ಮುಗಿದ ಬಳಿಕ ಕೈಬಿಟ್ಟ ಹಳೆಯ ಪೊಟರೆಗಳನ್ನು ಜರ್ಮನ್ ಗಣಿಗಾರರು 'ಆಲ್ಟರ್ ಮಾನ್', ಅಂದರೆ 'ಮುದುಕ' ಎಂದು ಕರೆಯುತ್ತಾರೆ. ಆಸರೆಗಂಬಗಳಿಲ್ಲದೆ ಛಾವಣಿ ಕುಸಿಯುವ ಆ ಜಾಗಕ್ಕೆ ಸಾಮಾನ್ಯವಾಗಿ ಯಾರೂ ಕಾಲಿಡುವುದಿಲ್ಲ. ಬೇರೆ ದಾರಿ ಕಾಣದ ಕೆಲವರು ಅಲ್ಲಿಗೇ ಹೋಗಿರಬಹುದಲ್ಲವೇ ಎಂಬುದೇ ಆ ಸಂದೇಹ. ಅದನ್ನು ತಳ್ಳಿಹಾಕದೆ ಇನ್ನೊಂದು ರಂಧ್ರವನ್ನು ಕೊರೆಯಲಾಯಿತು.

ನವೆಂಬರ್ 3ರ ಭಾನುವಾರ, ಸುಮಾರು 60 ಮೀಟರ್ ಆಳ ತಲುಪಿದ ಕೊರೆಗೋಲಿಗೆ ಕೆಳಗಿನಿಂದ ಯಾರೋ ಬಡಿದ ಸದ್ದು ಮೇಲಿನವರಿಗೆ ಕೇಳಿಸಿತು! ದುರಂತದ ರಾತ್ರಿ ಅಲ್ಲಿಗೆ ಓಡಿಹೋದವರು 21 ಮಂದಿ. ಹತ್ತು ದಿನಗಳ ಕಾಲ ಗಾಢಾಂಧಕಾರದಲ್ಲಿ, ಅನ್ನವಿಲ್ಲದೆ, ತಲೆಯ ಮೇಲಿನಿಂದ ಬೀಳುವ ಬಂಡೆಗಳ ನಡುವೆ ಅವರು ಕಾದಿದ್ದರು. ಅವರಲ್ಲಿ 10 ಮಂದಿ ಅಲ್ಲಿಯೇ ಅಸುನೀಗಿದ್ದರು. ಉಳಿದ 11 ಮಂದಿಗೆ ಆ ಕಿರುರಂಧ್ರದ ಮೂಲಕವೇ ಆಹಾರವನ್ನೂ ಬೆಳಕನ್ನೂ ಇಳಿಸಿದರು. ಆಗ ತಾನೇ ಅಧಿಕಾರ ವಹಿಸಿಕೊಂಡಿದ್ದ ಚಾನ್ಸಲರ್ ಲುಡ್ವಿಗ್ ಎರ್‌ಹಾರ್ಟ್ ಅವರು ಸ್ಥಳಕ್ಕೆ ಬಂದು ಕೆಳಗಿನವರೊಡನೆ ಮಾತನಾಡಿದರು.

ಛಾವಣಿ ಸಡಿಲವಾಗಿದ್ದುದರಿಂದ ಅಗಲವಾದ ರಂಧ್ರವನ್ನು ಅವಸರದಲ್ಲಿ ಕೊರೆಯುವಂತಿರಲಿಲ್ಲ. ನಾಲ್ಕು ದಿನಗಳ ಎಚ್ಚರಿಕೆಯ ಪರಿಶ್ರಮದ ನಂತರ, ನವೆಂಬರ್ 7ರ ಮಧ್ಯಾಹ್ನ, ಹನ್ನೊಂದು ಮಂದಿಯೂ ಒಬ್ಬೊಬ್ಬರಾಗಿ ಹೊರಬಂದು ಸೂರ್ಯನ ಬೆಳಕನ್ನು ಕಂಡರು. ದೂರದರ್ಶನದ ಮೂಲಕ ಇಡೀ ದೇಶವೇ ಆ ದೃಶ್ಯವನ್ನು ನೋಡಿತು.

ಪವಾಡವೋ ಪ್ರಯತ್ನವೋ?

ಜರ್ಮನರು ಈ ಘಟನೆಯನ್ನು 'ಲೆಂಗೆಡೆಯ ಪವಾಡ' ಎನ್ನುತ್ತಾರೆ. ಆದರೆ ಆ ಹೆಸರು 29 ಮಂದಿಯ ಮರಣವನ್ನು ಮರೆಸಬಾರದು. ಮನೆಗೆ ಮರಳಿದ ಹನ್ನೊಂದು ಮಂದಿಯ ಪಕ್ಕದಲ್ಲೇ ಮರಳದ ಹತ್ತು ಮಂದಿ ಇದ್ದರು. ಮೊದಲ ದಿನಗಳಲ್ಲೇ ಆ ಹಳೆಯ ಪೊಟರೆಗಳತ್ತ ಗಮನ ಹರಿದಿದ್ದರೆ ಅವರಲ್ಲಿ ಎಷ್ಟು ಮಂದಿ ಉಳಿಯುತ್ತಿದ್ದರೋ ಹೇಳಲಾಗದು. ಆ ಕೊನೆಯ ಸಂದೇಹವನ್ನೂ ಅಲಕ್ಷಿಸಿದ್ದರೆ ಮಾತ್ರ ಒಬ್ಬರೂ ಉಳಿಯುತ್ತಿರಲಿಲ್ಲವೆಂಬುದು ನಿಶ್ಚಯ. ಪವಾಡವೆಂದು ಕರೆಯಲ್ಪಟ್ಟುದು ವಾಸ್ತವವಾಗಿ ಅನುಭವಿಗಳ ಮಾತಿಗೆ ಕಿವಿಗೊಟ್ಟುದರ ಫಲ.

ಈ ಮಾರ್ಗ ಮುಂದೆ ಬೇರೆ ದೇಶಗಳಲ್ಲಿಯೂ ಜೀವಗಳನ್ನು ಉಳಿಸಿತು. ಪಶ್ಚಿಮ ಬಂಗಾಳದ ರಾಣಿಗಂಜ್ ಪ್ರದೇಶದ ಕಲ್ಲಿದ್ದಲು ಗಣಿಯೊಂದಕ್ಕೆ 1989ರ ನವೆಂಬರಿನಲ್ಲಿ ನೀರು ನುಗ್ಗಿದಾಗ, ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ಅವರು ಇಂತಹುದೇ ಉಕ್ಕಿನ ಕೋಶದಲ್ಲಿ ತಾವೇ ಕೆಳಗಿಳಿದು 65 ಮಂದಿಯನ್ನು ಮೇಲಕ್ಕೆ ಕಳುಹಿಸಿದರು. 2010ರಲ್ಲಿ ಚಿಲಿ ದೇಶದಲ್ಲಿ 69 ದಿನ ಭೂಗರ್ಭದಲ್ಲಿದ್ದ 33 ಮಂದಿಯನ್ನೂ ಇದೇ ತತ್ತ್ವದ ಕೋಶದಿಂದ ಹೊರತರಲಾಯಿತು.

ಲೆಂಗೆಡೆಯ ಗಣಿ 1977ರಲ್ಲಿ ಮುಚ್ಚಿಹೋಯಿತು. ಮಡಿದವರ ಸ್ಮಾರಕ ಊರಿನಲ್ಲಿ ನಿಂತಿದೆ. ಎಲ್ಲ ಮುಗಿಯಿತೆಂದು ಲೆಕ್ಕ ಹೇಳುವಾಗಲೂ ಒಂದು ಜೀವದ ಸಂಭವವಿದ್ದರೆ ಪ್ರಯತ್ನವನ್ನು ನಿಲ್ಲಿಸಬಾರದೆಂಬ ಪಾಠವನ್ನು ವಿದ್ಯಾರ್ಥಿಗಳು ಈ ಸಣ್ಣ ಊರಿನಿಂದ ಕಲಿಯಬಹುದು. ನೆಲದ ಕೆಳಗೆ ದುಡಿಯುವವರ ತಲೆಯ ಮೇಲೆ ಏರಿ ಕಟ್ಟಿ ನೀರು ನಿಲ್ಲಿಸುವವರಿಗೂ ಅಲ್ಲಿ ಒಂದು ಪಾಠವಿದೆ. ಅದನ್ನು ದುರಂತಕ್ಕೆ ಮುಂಚೆಯೇ ಕಲಿಯುವುದು ಲೇಸು.